ಮಾಗಿಯಲ್ಲಿ ಚಿತ್ರಶಾಲೆ

ಬೆಂಗಳೂರಿನ ಚಳಿಗೆ ಜನರನ್ನು ಮನೆಯೊಳಗೆ ಕೂಡಿಹಾಕುವಷ್ಟು ತಾಕತ್ತಿಲ್ಲ. ಸ್ವೆಟರು ಹಾಕಿಸಿ ಹೊರಗೆ ಕಳಿಸುವಷ್ಟಿದೆ. ಈ ಊರಿನಲ್ಲಿ ಚಿತ್ರಕಲೆ ಮಾಗಿಯಲ್ಲೇ ಬೀದಿಗೆ ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

*

ಡಿಸೆಂಬರಿನ ಕೊನೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಡುಮಧ್ಯಾಹ್ನವೂ ನೆತ್ತಿಗೇರುವುದಿಲ್ಲ, ದಕ್ಷಿಣದ ಕಿಟಕಿಯಿಂದ ಓರೆಯಾಗಿ ಒಳಗಿಳಿಯುತ್ತಾನೆ. ಮನೆಯಲ್ಲಿ ಆ ಬಿಸಿಲಿಗೆ ಅಜ್ಜ ಕುರ್ಚಿ ಎಳೆದುಕೊಳ್ಳುತ್ತಾರೆ. ಚಿತ್ರಶಾಲೆಯಲ್ಲಿ ಪರದೆ ಎಳೆಯುತ್ತಾರೆ.

*

ಜಲವರ್ಣದ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು, ಎಣ್ಣೆಬಣ್ಣವಾದರೆ 200ರವರೆಗೆ ತಡೆದುಕೊಳ್ಳುತ್ತದೆ ಎಂದು ಸಂಗ್ರಹಾಲಯದವರು ಲೆಕ್ಕ ಇಟ್ಟಿದ್ದಾರೆ. 'ಇಷ್ಟೇನಾ ಲೈಟು?' ಎಂದು ಗೊಣಗುವವರು ಒಂದು ಮಾತು ತಿಳಿದಿರಬೇಕು. ಚಿತ್ರದ ಮೇಲೆ ಬಿದ್ದ ಬೆಳಕು ಬಂದು ಹೋಗುವುದಿಲ್ಲ, ಅಲ್ಲೇ ಜಮಾ ಆಗುತ್ತ ಹೋಗುತ್ತದೆ. ಇಂದು ನಾವು ಕಣ್ತುಂಬ ನೋಡಿದ್ದಕ್ಕೆ ಮೊಮ್ಮಕ್ಕಳ ಪಾಲಿನ ಬಣ್ಣ ಖರ್ಚಾಗಿರುತ್ತದೆ.

*

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು ಹುಟ್ಟಿದ್ದು 1960ರಲ್ಲಿ. ಎಂ. ಆರ್ಯಮೂರ್ತಿ, ಎಂ.ಎಸ್. ನಂಜುಂಡರಾವ್ ಕೂಡಿ ಕಟ್ಟಿದ್ದು. ಸರ್ಕಾರ ಜಾಗ ಕೊಟ್ಟಿತು. ಕಲಾವಿದ ಸ್ವೆತೊಸ್ಲಾವ್ ರೋರಿಕ್ ಚಿತ್ರ ಕೊಟ್ಟರು. ಉದ್ಯಮಿ ಕೇಜ್ರಿವಾಲರು ತಮ್ಮ ಸಂಗ್ರಹ ಕೊಟ್ಟರು. ನಂಜುಂಡರಾವ್ ತಮ್ಮ ಓಡಾಟ ಕೊಟ್ಟರು. ಮೊದಲ ಮೂರನ್ನು ದಾನವೆಂದು ಬರೆದಿಡಬಹುದು. ನಾಲ್ಕನೆಯದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ.

*

ನೋಡಲು ಬಂದವರು ಕಾವಲುಗಾರರನ್ನು ಕೇಳುವ ಮೊದಲ ಪ್ರಶ್ನೆ 'ರೋರಿಕ್ ಯಾರು?' ಅಂತಲ್ಲ. 'ಟಾಯ್ಲೆಟ್ ಎಲ್ಲಿ?' ಅಂತ. ಕಲೆಯ ಸೇವೆ ಎಂದರೆ ಇಂಥ ಪ್ರಶ್ನೆಗೂ ಮುಖ ಸಿಂಡರಿಸದೆ ದಾರಿ ತೋರಿಸುವುದು.

*

ಹಿಮ ಬೀಳದ ಊರಿನಲ್ಲಿ ಹಿಮಾಲಯಕ್ಕೊಂದು ಕಾಯಂ ವಿಳಾಸವಿದೆ. ಪರಿಷತ್ತಿನ ಗೋಡೆಗಳ ಮೇಲೆ ಸ್ವೆತೊಸ್ಲಾವರ ತಂದೆ ನಿಕೊಲಾಯ್ ರೋರಿಕ್ ಬರೆದ ಶಿಖರಗಳು ನೀಲಿಯಲ್ಲಿ, ನೇರಳೆಯಲ್ಲಿ ಸಾಲಾಗಿ ನಿಂತಿವೆ. ಹೊರಗೆ ಹದಿನಾರು ಡಿಗ್ರಿಗೆ ಮಂಕಿ ಕ್ಯಾಪ್ ಹಾಕಿಕೊಂಡವರು ಒಳಗೆ ಬಂದು ಅವುಗಳ ಮುಂದೆ ನಿಂತಾಗ, ತಮ್ಮ ಚಳಿ ಎಷ್ಟು ಬಡವಾದದ್ದು ಎಂದು ಅವರಿಗೇ ತಿಳಿಯುತ್ತದೆ.

*

1927ರ ಶರತ್ಕಾಲದಲ್ಲಿ ರೋರಿಕ್ ಅವರ ಮಧ್ಯ ಏಷ್ಯಾ ಯಾತ್ರೆಯ ತಂಡವನ್ನು ಟಿಬೆಟ್ ಆಡಳಿತ ಎತ್ತರದ ಪ್ರಸ್ಥಭೂಮಿಯಲ್ಲಿ ತಡೆದು ನಿಲ್ಲಿಸಿತು. ಮುಂದಕ್ಕೂ ಬಿಡಲಿಲ್ಲ, ಹಿಂದಕ್ಕೂ ಬಿಡಲಿಲ್ಲ. ಇಡೀ ಚಳಿಗಾಲ ಬೇಸಿಗೆಯ ಡೇರೆಗಳಲ್ಲಿ ಕಳೆಯಿತು. ತಂಡದ ಕೆಲವರು ಸತ್ತರು. ಹೊರೆ ಹೊರುವ ಪ್ರಾಣಿಗಳು ಸಾಲುಸಾಲಾಗಿ ಸತ್ತವು. ಚಳಿಯ ಕೈಯಲ್ಲಿ ಇಷ್ಟು ನರಳಿದ ಮನುಷ್ಯ ಆಮೇಲೆ ಇಪ್ಪತ್ತು ವರ್ಷ ಹಿಮವನ್ನೇ ಬರೆದರು, ಒಂದರಲ್ಲೂ ದೂರಿಲ್ಲ. ನಾವು ಗೀಸರ್ ಕೆಟ್ಟ ದಿನ ಇಡೀ ಕಚೇರಿಗೆ ವರದಿ ಒಪ್ಪಿಸುತ್ತೇವೆ.

*

ಇದೇ ರೋರಿಕ್ 1913ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ವಸಂತೋತ್ಸವದ ಬ್ಯಾಲೆಗೆ ರಂಗಸಜ್ಜಿಕೆ, ವೇಷಭೂಷಣ ಮಾಡಿಕೊಟ್ಟವರು. ಚಳಿಗಾಲ ಮುಗಿದ ನೆಲಕ್ಕೆ ಬಲಿ ಕೊಡುವ ಕಥೆ ಅದು. ಮೊದಲ ಪ್ರದರ್ಶನದಲ್ಲೇ ಪ್ರೇಕ್ಷಕರು ಗಲಾಟೆ ಎಬ್ಬಿಸಿದರು. ವಸಂತದ ಹೆಸರಿನಲ್ಲಿ ಅಷ್ಟು ಗದ್ದಲ ಮಾಡಿಸಿದ ಕೈ ಹಿಮಾಲಯಕ್ಕೆ ಬಂದ ಮೇಲೆ ತಣ್ಣಗಾಯಿತು.

*

ತಂದೆ ನಿಕೊಲಾಯ್ ತೀರಿಕೊಂಡದ್ದು 1947ರ ಡಿಸೆಂಬರ್ 13ರಂದು ಕುಲ್ಲು ಕಣಿವೆಯ ನಗ್ಗರ್‌ನಲ್ಲಿ. ಮಗ ಸ್ವೆತೊಸ್ಲಾವ್ 1993ರ ಜನವರಿ 30ರಂದು ಬೆಂಗಳೂರಿನಲ್ಲಿ. ಇಬ್ಬರನ್ನೂ ಕರೆದೊಯ್ದದ್ದು ಮಾಗಿಯೇ. ಒಬ್ಬರನ್ನು ಹಿಮದ ಮಗ್ಗುಲಿನಿಂದ, ಇನ್ನೊಬ್ಬರನ್ನು ಕನಕಪುರ ರಸ್ತೆಯ ತಾತಗುಣಿ ತೋಟವಿದ್ದ ಊರಿನಿಂದ.

*

ತಾತಗುಣಿಯ ನಟಿ ದೇವಿಕಾ ರಾಣಿ, ಸ್ವೆತೊಸ್ಲಾವ್ ರೋರಿಕ್ ದಂಪತಿಯನ್ನು ಊರು ನೆನೆಯುವುದು ಹೆಚ್ಚಾಗಿ ಆಸ್ತಿಯ ತಕರಾರಿನ ಸುದ್ದಿಗಳಿಂದ. ಎಕರೆಯ ಲೆಕ್ಕ ಬಾಯಿಪಾಠ ಇರುವವರಿಗೂ ಸ್ವೆತೊಸ್ಲಾವ್ ಬರೆದ ಒಂದು ಚಿತ್ರದ ಹೆಸರು ಬಾರದು. ಪತ್ರಿಕೆಗಳನ್ನು ದೂರಿ ಫಲವಿಲ್ಲ, ಜಮೀನಿನ ಸುದ್ದಿಯನ್ನು ಮೊದಲು ಓದುವವರು ನಾವೇ.

*

ಟೆಂಪೆರಾ ಬಣ್ಣಕ್ಕೆ ಹೊಳಪಿಲ್ಲ. ಹಾಗಾಗಿ ತಂದೆ ರೋರಿಕ್ಕರ ಬೆಟ್ಟಗಳನ್ನು ಎಲ್ಲಿ ನಿಂತರೂ ನೋಡಬಹುದು. ಎಣ್ಣೆಬಣ್ಣದ ಮುಂದೆ ಮಾತ್ರ ದೀಪದ ಪ್ರತಿಬಿಂಬ ತಪ್ಪಿಸಲು ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ ಇಡಬೇಕು. ಗ್ಯಾಲರಿಯಲ್ಲಿ ಒಬ್ಬರು ಹಿಂದೆ ಮುಂದೆ ಸರಿಯುತ್ತಿದ್ದರೆ ಅವರು ದೊಡ್ಡ ವಿಮರ್ಶಕರೇ ಇರಬೇಕೆಂದಿಲ್ಲ. ಬಲ್ಬು ಅಡ್ಡ ಬಂದಿರಬಹುದು.

*

ಜನವರಿಯ ಒಂದು ಬೆಳಿಗ್ಗೆ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಮೈಸೂರು ಶೈಲಿಯ ಚಿತ್ರಗಳಿದ್ದ ಕೋಣೆಯ ಬಾಗಿಲಲ್ಲಿ ನಿಂತರು. 'ಇಲ್ಲಿ ಚಪ್ಪಲಿ ಬಿಡಬೇಕೇನಪ್ಪಾ?' 'ಬೇಡ ಅಜ್ಜಿ, ಹಾಗೇ ಬನ್ನಿ, ನೆಲ ತಣ್ಣಗಿದೆ' ಎಂದ ಕಾವಲಿನ ಹುಡುಗ. ಅಜ್ಜಿ ಒಳಗೆ ಕಣ್ಣು ಹಾಯಿಸಿದರು. ಪಟ್ಟಾಭಿಷೇಕದ ರಾಮ ಕಂಡ. ಚಪ್ಪಲಿ ಬಿಟ್ಟೇ ಬಂದರು. ಪ್ರತಿ ಚಿತ್ರಕ್ಕೂ ಕೈ ಮುಗಿದರು, ದೇವರಿಲ್ಲದ ಒಂದೆರಡಕ್ಕೂ ಸೇರಿಸಿ. ಅವರ ಹಿಂದೆ ಮೊಮ್ಮಗ ಮೊಬೈಲ್ ಹಿಡಿದು ಎಲ್ಲ ಚಿತ್ರಗಳ ಫೋಟೊ ತೆಗೆಯುತ್ತಿದ್ದ. ಇಬ್ಬರಲ್ಲಿ ಚಿತ್ರ ನೋಡಿದವರು ಯಾರು ಎಂದು ಹೇಳಲು ಕಲಾ ವಿಮರ್ಶೆ ಓದಿರಬೇಕಿಲ್ಲ.

*

ಆ ರಾಮನ ಕಿರೀಟ ಮಾಡಿದ ಬಗೆ ಕೇಳಿ. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿ ಗೆರೆ ಎಳೆದರು. ಬಿಳಿಸೀಸದ ಪುಡಿಗೆ ಅಂಟು ಸೇರಿಸಿ ಅರೆದು, ಕುಂಚದ ತುದಿಯಿಂದ ಆಭರಣಗಳನ್ನು ಕೂದಲೆಳೆಯಷ್ಟು ಉಬ್ಬಿಸಿದರು. ಅದರ ಮೇಲೆ ಚಿನ್ನದ ರೇಕು. ತಂಜಾವೂರಿನವರು ಉಬ್ಬು ಹೆಚ್ಚು ಮಾಡಿ ಗಾಜು, ಹರಳು ಕೂರಿಸುತ್ತಾರೆ. ಮೈಸೂರಿನವರು ಕೈ ಹಿಡಿದರು. ಅಂಚಿನಿಂದ ನೋಡಿದರಷ್ಟೇ ಉಬ್ಬು ಕಾಣಬೇಕು. ಹತ್ತಿರ ಬಂದವರಿಗೆ ಮಾತ್ರ ಸಿಗುವ ಸಂಭ್ರಮ ಅದು. ಇದಕ್ಕೆ ನನ್ನ ವೋಟು ಮೈಸೂರಿಗೇ. ತಂಜಾವೂರಿನ ಸ್ನೇಹಿತರು ಕ್ಷಮಿಸಲಿ.

*

ತೇವವೂ ಒಣಹವೆಯೂ ಚಿತ್ರಕ್ಕೆ ಅಷ್ಟು ದೊಡ್ಡ ಶತ್ರುಗಳಲ್ಲ. ಒಂದರಿಂದ ಇನ್ನೊಂದಕ್ಕೆ ದಿಢೀರನೆ ಹಾರುವುದು ಶತ್ರು. ಮಳೆಗಾಲದಲ್ಲಿ ಹಿಗ್ಗಿದ ಹಲಗೆ ಮಾಗಿಯ ಒಣಗಾಳಿಗೆ ಕುಗ್ಗುತ್ತದೆ, ಮೇಲಿನ ಬಣ್ಣದ ಪದರಕ್ಕೆ ಅದರ ಜೊತೆ ಕುಗ್ಗಲು ಆಗುವುದಿಲ್ಲ, ಸಣ್ಣ ಬಿರುಕು ಬಿಡುತ್ತದೆ. ಹಳೆಯ ಚಿತ್ರದ ಮುಖದ ಮೇಲೆ ಎಷ್ಟು ಕಾರ್ತಿಕ, ಎಷ್ಟು ಮಾಘ ಹಾದುಹೋದವು ಎಂದು ತಿಳಿದವರು ಬಿರುಕಿನಲ್ಲಿ ಓದುತ್ತಾರೆ.

*

ತೊಗಲುಬೊಂಬೆಯ ಮುಂದೆ ನಿಂತರೆ ನನಗೆ ಕಸಿವಿಸಿ. ಆಡಿನ ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ರಂಧ್ರ ಕೊರೆದು ಒಡವೆ ತೋರಿಸಿ, ಕೆಂಪು ಹಸಿರು ಕಪ್ಪು ಹಾಕಿದ್ದಾರೆ. ಇಷ್ಟೆಲ್ಲ ಮಾಡಿದ್ದು ಅದರ ಹಿಂದೆ ದೀಪ ಉರಿಯಲಿ, ಕೈಯೊಂದು ಅದನ್ನು ಕುಣಿಸಲಿ, ಎದುರಿಗೆ ಕಂಬಳಿ ಹೊದ್ದ ಊರು ಕೂತಿರಲಿ ಎಂದು. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ, ಮಳೆಯ ಭಯವಿಲ್ಲದ ರಾತ್ರಿಗಳಲ್ಲಿ, ರಾವಣ ಸಾಯುವ ಹೊತ್ತಿಗೆ ಕೋಳಿ ಕೂಗುತ್ತಿತ್ತು. ಈಗ ರಾವಣ ಗಾಜಿನ ಹಿಂದೆ ಕ್ಷೇಮವಾಗಿದ್ದಾನೆ. ಅವನನ್ನು ಕೊಲ್ಲುವವರಿಲ್ಲ, ಆಡಿಸುವವರೂ ಇಲ್ಲ.

*

ಆದರೂ ನಂಜುಂಡರಾವ್ ಹಳ್ಳಿಹಳ್ಳಿಗೆ ಹೋಗಿ ಆ ಬೊಂಬೆಗಳನ್ನು ಹುಡುಕಿ ತಂದು, ಬರೆದು ದಾಖಲಿಸದೆ ಇದ್ದಿದ್ದರೆ ಗಾಜಿನ ಹಿಂದೆಯೂ ಇರುತ್ತಿರಲಿಲ್ಲ. ಸಂಗ್ರಹಾಲಯವನ್ನು ಬೈಯುವ ಮೊದಲು ಅದು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಒಂದು ಗಳಿಗೆ ಲೆಕ್ಕ ಹಾಕಬೇಕು. ಬೈಯುವುದನ್ನು ಬಿಡಬೇಕೆಂದಿಲ್ಲ.

*

ಚಳಿಗೆ ಎಣ್ಣೆಬಣ್ಣ ಒಣಗುವುದು ತಡ. ಅದು ನೀರಿನ ಹಾಗೆ ಆವಿಯಾಗಿ ಒಣಗುವ ವಸ್ತುವಲ್ಲ, ಗಾಳಿಯಿಂದ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಬೇಕು. ಫ್ಯಾನ್ ಹಾಕಿದರೂ ಆತುರ ಪಡುವುದಿಲ್ಲ. ಆಕ್ರಿಲಿಕ್ಕಾದರೋ ಟೀ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಪರಿಷತ್ತಿನ ಜನವರಿಯ ಚಿತ್ರಸಂತೆಗೆ ಡಿಸೆಂಬರಿನಲ್ಲಿ ಬರೆಯಲು ಕೂತ ವಿದ್ಯಾರ್ಥಿ ಯಾವುದನ್ನು ಆರಿಸುತ್ತಾನೆ? ಒಂದು ಕಾಲದ ಶೈಲಿಯನ್ನು ಸಿದ್ಧಾಂತಗಳೇ ನಿರ್ಧರಿಸುತ್ತವೆ ಎನ್ನುವವರು ಕ್ಯಾಲೆಂಡರನ್ನೂ ಒಮ್ಮೆ ನೋಡುವುದು ಒಳ್ಳೆಯದು.

*

ಜನವರಿ ಮೊದಲ ವಾರದ ಭಾನುವಾರ, ಸಾಮಾನ್ಯವಾಗಿ. ಚಿತ್ರಸಂತೆ. ಬೆಳಕು ಹರಿಯುವ ಮುಂಚೆಯೇ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಂತಿರುತ್ತದೆ. ಕಲಬುರಗಿಯ ರಾತ್ರಿ ರೈಲಿನಿಂದ ಇಳಿದವರು, ಬಾಗಲಕೋಟೆಯ ಬಸ್ಸಿನಿಂದ ಇಳಿದವರು, ಹೊರರಾಜ್ಯದವರು, ಎಲ್ಲರೂ ಸುತ್ತಿದ ಕ್ಯಾನ್ವಾಸು ಬಿಚ್ಚಿ ಹಗ್ಗಕ್ಕೆ ಕ್ಲಿಪ್ಪು ಹಾಕುತ್ತಿರುತ್ತಾರೆ. ಕೈ ಮರಗಟ್ಟಿರುತ್ತದೆ, ಕ್ಲಿಪ್ಪು ಜಾರುತ್ತದೆ. ಪಕ್ಕದವರು, ಹೆಸರು ಕೂಡ ಕೇಳದೆ, ಇನ್ನೊಂದು ತುದಿ ಹಿಡಿಯುತ್ತಾರೆ. ಇಡೀ ಸಂತೆಯಲ್ಲಿ ನನಗೆ ಇಷ್ಟವಾದ ಹೊತ್ತು ಅದೇ. ಗಿರಾಕಿಗಳು ಇನ್ನೂ ಬಂದಿರುವುದಿಲ್ಲ, ಪೈಪೋಟಿ ಇನ್ನೂ ಶುರುವಾಗಿರುವುದಿಲ್ಲ.

*

ಹನ್ನೊಂದು ಗಂಟೆಗೆ ಅದೇ ರಸ್ತೆಯಲ್ಲಿ ಚಿತ್ರ ಕಾಣುವುದಿಲ್ಲ, ಬೆನ್ನು ಕಾಣುತ್ತದೆ.

*

ಸಾವಿರ ರೂಪಾಯಿಯ ಚಿತ್ರವನ್ನು ಏಳುನೂರಕ್ಕೆ ಇಳಿಸಿ ಗೆದ್ದವರು, ಮರುವಾರ ಅದಕ್ಕೆ ಎರಡು ಸಾವಿರದ ಚೌಕಟ್ಟು ಹಾಕಿಸುತ್ತಾರೆ. ಫ್ರೇಮಿನ ಅಂಗಡಿಯಲ್ಲಿ ಚೌಕಾಸಿ ಇಲ್ಲ. ಮರಕ್ಕೆ ದರವಿದೆ, ಗಾಜಿಗೆ ದರವಿದೆ.

*

'ಇದರಲ್ಲಿ ಕುದುರೆ ಎಷ್ಟಿವೆ?' ಎಂದು ಎಣಿಸುವ ಗಿರಾಕಿಗಳಿದ್ದಾರೆ. ವಾಸ್ತುವಿಗೆ ಏಳು ಬೇಕು. ಎಂಟನೆಯ ಕುದುರೆ ಎಷ್ಟು ಚೆಂದ ಓಡಿದರೂ ಸಂಜೆ ಕಲಾವಿದನ ಜೊತೆ ವಾಪಸು ಊರಿಗೆ ಓಡಬೇಕು.

*

ಸಂತೆಯಲ್ಲಿ ಬುದ್ಧ ವಿಪರೀತವಾಗಿದ್ದಾನೆ. ಕಣ್ಣು ಮುಚ್ಚಿದ ಬುದ್ಧ, ಅರ್ಧ ಮುಖದ ಬುದ್ಧ, ಎಲೆಯೊಳಗಿನ ಬುದ್ಧ. ಆಸೆ ಬಿಡಿ ಎಂದವನಷ್ಟು ಖರೀದಿಯ ಆಸೆ ಹುಟ್ಟಿಸುವವರು ಇನ್ನೊಬ್ಬರಿಲ್ಲ.

*

2024ರ ಸಂತೆಯನ್ನು ಇಸ್ರೊ ವಿಜ್ಞಾನಿಗಳಿಗೆ ಅರ್ಪಿಸಿದರು, 2025ರದನ್ನು ಹೆಣ್ಣುಮಗುವಿಗೆ. ಅರ್ಪಣೆ ಯಾರಿಗೇ ಇರಲಿ, ಮಧ್ಯಾಹ್ನದೊಳಗೆ ಮಾರಾಟವಾಗುವವನು ಗಣೇಶ.

*

'ನಮ್ಮ ಸೋಫಾ ಬಣ್ಣಕ್ಕೆ ಹೊಂದುತ್ತಾ?' ಎಂದು ಕೇಳಿದರೆ ಕಲಾವಿದರು ಒಳಗೊಳಗೇ ನಗುತ್ತಾರೆ. ನಾನು ನಗುವುದಿಲ್ಲ. ಹತ್ತು ವರ್ಷಕ್ಕೆ ಸೋಫಾ ಗುಜರಿಗೆ ಹೋಗುತ್ತದೆ, ಚಿತ್ರ ಗೋಡೆಯ ಮೇಲೇ ಉಳಿಯುತ್ತದೆ. ಆಮೇಲೆ ಹೊಸ ಸೋಫಾವನ್ನು ಚಿತ್ರಕ್ಕೆ ಹೊಂದಿಸಿ ತರುತ್ತಾರೆ. ಆ ಮನೆಯಲ್ಲಿ ಕಲೆ ಗೆದ್ದಂತೆ.

*

ಹತ್ತು ನಿಮಿಷದಲ್ಲಿ ಮುಖ ಬರೆದುಕೊಡುವ ಹುಡುಗನ ಮುಂದೆ ಸ್ಟೂಲಿನ ಮೇಲೆ ಕೂತವರನ್ನು ಗಮನಿಸಿ. ಮೊಬೈಲ್ ಒಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಅಪರಿಚಿತನ ಕಣ್ಣಿಗೆ ತಮ್ಮ ಮುಖ ಒಪ್ಪಿಸಿ ಕೂತಿರುತ್ತಾರೆ. ಅವರ ಮುಖವನ್ನು ಅಷ್ಟು ಹೊತ್ತು ಯಾರಾದರೂ ನೋಡಿ ಎಷ್ಟು ಕಾಲವಾಯಿತೋ. ಚಿತ್ರ ಹೋಲದಿದ್ದರೂ ದುಡ್ಡು ಕೊಟ್ಟು ಖುಷಿಯಿಂದ ಏಳುವುದು ಅದಕ್ಕೇ ಇರಬೇಕು.

*

2021ರ ಜನವರಿಯಲ್ಲಿ ಕೊರೊನಾದಿಂದ ಸಂತೆ ಆನ್‌ಲೈನಿಗೆ ಹೋಯಿತು. ಪರದೆಯಲ್ಲಿ ಬಣ್ಣ ಕಂಡಿತು, ಗಾತ್ರ ಕಾಣಲಿಲ್ಲ. ಅಂಗೈಯಗಲದ ಚಿತ್ರವೂ ಆಳೆತ್ತರದ ಚಿತ್ರವೂ ಫೋನಿನಲ್ಲಿ ಒಂದೇ ಅಳತೆ. ದೊಡ್ಡ ಚಿತ್ರದ ಮುಂದೆ ನಾವು ಚಿಕ್ಕವರಾಗಿ ನಿಲ್ಲುವ ಸುಖವನ್ನು ಯಾವ ಕಂಪನಿಯೂ ಇನ್ನೂ ಡೌನ್‌ಲೋಡಿಗೆ ಬಿಟ್ಟಿಲ್ಲ.

*

ಕೆ. ವೆಂಕಟಪ್ಪ ಚಳಿ ಹುಡುಕಿಕೊಂಡು ಊಟಿ, ಕೊಡೈಕೆನಾಲ್ ಬೆಟ್ಟಗಳಿಗೆ ಹೋದವರು. ಅಲ್ಲಿ ಕೂತು ಮಂಜು, ಮೋಡ, ಕೆರೆಗಳನ್ನು ಜಲವರ್ಣದಲ್ಲಿ ಬರೆದರು. ಮಂಜಿಗೆ ಅವರು ಬಿಳಿ ಬಣ್ಣ ಹಚ್ಚಿದಂತೆ ನನಗೆ ಕಾಣುವುದಿಲ್ಲ, ಬಣ್ಣ ಇಲ್ಲದಿರುವ ಕಡೆಯೇ ಮಂಜು ಇದೆ. ಅವರು ಕಲಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು, ವೀಣೆ ನುಡಿಸುತ್ತಿದ್ದವರು. ಎಲ್ಲಿ ಮೀಟಬಾರದು ಎಂಬುದು ವೀಣೆ ಹಿಡಿದವರಿಗೆ ಮೊದಲೇ ಗೊತ್ತಿರುತ್ತದೆ.

*

ವೆಂಕಟಪ್ಪನವರ ಹೆಸರಿನ ಗ್ಯಾಲರಿ ಕಸ್ತೂರ್ಬಾ ರಸ್ತೆಯಲ್ಲಿದೆ. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು. ಸೋರುವ ಚಾವಣಿ, ಮಂಕು ದೀಪ, ಎಲ್ಲ ಕೊರತೆಗಳ ಸಮೇತ ಇದು ನಮ್ಮದು ಎಂದರು. ನಮ್ಮದು ಎಂದ ಮೇಲೆ ಚಾವಣಿಯ ಬಗ್ಗೆಯೂ ಅಷ್ಟೇ ಜೋರಾಗಿ ಕೂಗುತ್ತಿರಬೇಕು. ಆ ಕೂಗು ಪ್ರತಿಭಟನೆಯ ದಿನಕ್ಕೆ ಮುಗಿಯಬಾರದು.

*

ಪಕ್ಕದ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯ 1865ರದು. 1884ರ ಜನವರಿ 13ರಂದು ಬೆಂಗಳೂರಿನಲ್ಲಿ ಉಷ್ಣತೆ 7.8 ಡಿಗ್ರಿಗೆ ಇಳಿದಿತ್ತು. ಊರು ಇವತ್ತಿಗೂ ಆ ದಾಖಲೆ ಮುರಿದಿಲ್ಲ. ಅಂದು ಈ ಸಂಗ್ರಹಾಲಯದ ಬಾಗಿಲು ಕಾಯುತ್ತಿದ್ದವನ ಮೈಮೇಲೆ ಏನಿತ್ತೋ. ಕಲ್ಲಿನ ವಿಗ್ರಹಗಳ ಎತ್ತರ ಅಗಲ ಎಲ್ಲ ಬರೆದಿಡುವ ನಾವು ಕಾಯುವವನ ಕಂಬಳಿಯನ್ನು ಯಾವತ್ತೂ ಬರೆದಿಡುವುದಿಲ್ಲ.

*

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಅದು ಬರೀ ಜಲವರ್ಣ. ಬೆರಳ ಸಂದಿಯಿಂದ ಸೋರುವ ಆ ಬೆಳಕಿಗೆ ಹಿಂದೆಲ್ಲೋ ಬಲ್ಬಿದೆಯೇನೋ ಎಂದು ಬಗ್ಗಿ ನೋಡುವವರು ಇಂದಿಗೂ ಇದ್ದಾರೆ. ಕಲಾವಿದರಿಗೆ ಮಾದರಿಯಾಗಿ ನಿಂತವರು ಅವರ ಮಗಳು. ಎಷ್ಟೋ ಜನ ಅದನ್ನು ರವಿವರ್ಮನದೆಂದೇ ಹೇಳಿಕೊಂಡು ಹೋಗುತ್ತಾರೆ. ಒಬ್ಬರ ಹೆಸರು ಬಹಳ ದೊಡ್ಡದಾದರೆ ಪಕ್ಕದವರ ದೀಪವೂ ಅವರ ಲೆಕ್ಕಕ್ಕೆ ಹೋಗುತ್ತದೆ.

*

ಸಂಕ್ರಾಂತಿಗೆ ಮುಂಚೆ ಅಟ್ಟದಿಂದ ಒಂದು ಡಬ್ಬ ಇಳಿಯುತ್ತದೆ. ಸಕ್ಕರೆ ಅಚ್ಚಿನ ಮರದ ಅಚ್ಚುಗಳು. ಆನೆ, ಗಿಳಿ, ತುಳಸಿಕಟ್ಟೆ, ಮಂಟಪ. ಎರಡು ಹೋಳು ಕೂಡಿಸಿ, ಬಿಗಿದು ಕಟ್ಟಿ, ಪಾಕದ ಹದ ನೋಡಿ ಸುರಿಯಬೇಕು. ಹದ ತಪ್ಪಿದರೆ ಆನೆಗೆ ಸೊಂಡಿಲಿಲ್ಲ. ಇದೇ ಅಚ್ಚನ್ನು ಸಂಗ್ರಹಾಲಯದಲ್ಲಿಟ್ಟು ಚೀಟಿ ಅಂಟಿಸಿದರೆ ಜಾನಪದ ಶಿಲ್ಪ ಎಂದು ನೋಡುತ್ತೇವೆ. ಮನೆಯಲ್ಲಿದ್ದರೆ 'ಅದನ್ನು ತೊಳೆದಿಟ್ಟೆಯಾ?' ಎಂದು ಕೇಳುತ್ತೇವೆ. ಎರಡನೆಯ ಮರ್ಯಾದೆಯೇ ನನಗೆ ಮೇಲೆನಿಸುತ್ತದೆ. ತೊಳೆದಿಟ್ಟದ್ದು ಮುಂದಿನ ವರ್ಷವೂ ಆನೆ ಮಾಡುತ್ತದೆ.

*

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಚಿತ್ರಶಾಲೆಗೆ ಕರೆತರುವವರು ನೆರಳಿಗಾಗಿ ಬಂದಿರುತ್ತಾರೆ. ಮಳೆಗಾಲದಲ್ಲಿ ಬರುವವರು ಮಳೆ ನಿಲ್ಲಲಿ ಎಂದು. ಮಾಗಿಯಲ್ಲಿ ಬರುವವರಿಗೆ ನೆಪ ಕಡಿಮೆ.

*

ಶಾಲೆಯ ಪ್ರವಾಸದ ಬಸ್ಸುಗಳು ಡಿಸೆಂಬರಿನಲ್ಲಿ ಬರುತ್ತವೆ. ಮಕ್ಕಳು ಒಂದರ ಹಿಂದೊಂದು ಸಾಲಿನಲ್ಲಿ, ಬಾಯಿ ಮೇಲೆ ಬೆರಳು. 'ಮುಟ್ಟಬೇಡಿ, ಓಡಬೇಡಿ, ಮಾತಾಡಬೇಡಿ.' ಚಿತ್ರಗಳ ಬಗ್ಗೆ ಆ ಮಕ್ಕಳು ಕೇಳುವ ಮೊದಲ ಮೂರು ವಾಕ್ಯಗಳು ಇವು. ಅವರಲ್ಲೊಬ್ಬಳು ಸಾಲು ಬಿಟ್ಟು ರಾವಣನ ಹತ್ತು ತಲೆ ಎಣಿಸಲು ನಿಂತಳು. ಒಂಬತ್ತೇ ಸಿಕ್ಕಿತು. ಮೇಡಂ ಕರೆದರು. ಅವಳು ಹೋಗಲಿಲ್ಲ, ಮತ್ತೆ ಎಣಿಸಿದಳು. ಪ್ರವಾಸದ ಖರ್ಚು ವಸೂಲಾಗಿದ್ದು ಅವಳೊಬ್ಬಳಿಂದ.

*

ಗ್ಯಾಲರಿಗಳಲ್ಲಿ ಕುರ್ಚಿ ಇಡದಿರುವುದು ದೊಡ್ಡ ಲೋಪ. ಅರವತ್ತು ದಾಟಿದ ಮೊಣಕಾಲಿಗೆ ಮಾಗಿಯ ನೆಲದ ಮೇಲೆ ಐದು ನಿಮಿಷ ನಿಲ್ಲುವುದು ಕಷ್ಟ. ಹಿರಿಯರು ಕಲೆಯನ್ನು ನೋಡುವುದಿಲ್ಲ ಎಂದು ದೂರುವ ಬದಲು ಎರಡು ಬೆಂಚು ಹಾಕಿಸಿ ನೋಡಬಹುದು.

*

ಉದ್ಘಾಟನೆಯ ಸಂಜೆ ಗ್ಯಾಲರಿ ತುಂಬಿರುತ್ತದೆ. ಎಲ್ಲರ ಬೆನ್ನು ಚಿತ್ರಕ್ಕೆ, ಮುಖ ಅತಿಥಿಗಳಿಗೆ. ಮರುದಿನದಿಂದ ಕಲಾವಿದೆಯೊಬ್ಬಳೇ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು, ಅಭಿಪ್ರಾಯದ ಪುಸ್ತಕ ಮುಂದಿಟ್ಟುಕೊಂಡು ಕೂತಿರುತ್ತಾಳೆ. ಪುಸ್ತಕದಲ್ಲಿ 'ಚೆನ್ನಾಗಿದೆ, ಹೀಗೇ ಮುಂದುವರಿಸಿ' ಎಂದು ಬರೆದು ಹೊರಡುತ್ತೇವೆ. ಯಾವುದು ಚೆನ್ನಾಗಿದೆ, ಯಾವುದನ್ನು ಮುಂದುವರಿಸಬೇಕು ಎಂದು ಅವಳು ಆ ಸಾಲನ್ನು ಹಿಡಿದುಕೊಂಡು ಎಷ್ಟು ಹೊತ್ತು ಯೋಚಿಸುತ್ತಾಳೆ ಎಂಬುದು ಬರೆದವರಿಗೆ ಗೊತ್ತಾಗುವುದಿಲ್ಲ.

*

ಒಂದು ಊರಿಗೆ ಕಲೆಯ ಮೇಲೆ ಪ್ರೀತಿ ಇದೆಯೇ ಎಂದು ಸಂತೆಯ ಭಾನುವಾರದ ಲಕ್ಷಗಳ ಲೆಕ್ಕದಿಂದ ಅಳೆಯಲಾಗದು. ಅದರ ನಂತರದ ಗುರುವಾರ ಎಷ್ಟು ಜನ ಬಂದರು ಎಂದು ಕೇಳಬೇಕು.

*

ಆದ್ದರಿಂದ ಒಂದು ಕೋರಿಕೆ. ಈ ಮಾಗಿಯಲ್ಲಿ ಸಂತೆಗೆ ಬನ್ನಿ, ಕೈಲಾದರೆ ಒಂದು ಚಿತ್ರ ಕೊಳ್ಳಿ, ಚೌಕಾಸಿ ಸ್ವಲ್ಪ ಕಡಿಮೆ ಮಾಡಿ. ಆಮೇಲೆ ವಾರದ ನಡುವೆ ಇನ್ನೊಂದು ದಿನ, ತೆರೆದಿರುವ ಸಮಯ ವಿಚಾರಿಸಿಕೊಂಡು, ಮನೆಯ ಮಕ್ಕಳಲ್ಲಿ ಒಬ್ಬರನ್ನು ಕರೆದುಕೊಂಡು ಬನ್ನಿ. ಎಲ್ಲ ಕೋಣೆ ಸುತ್ತಬೇಡಿ. ಮಗುವಿಗೆ ಹಿಡಿಸಿದ ಒಂದೇ ಚಿತ್ರದ ಮುಂದೆ ಅದಕ್ಕೆ ಸಾಕೆನಿಸುವವರೆಗೆ ನಿಲ್ಲಿ. ಹೊರಡುವಾಗ ಬಾಗಿಲಲ್ಲಿ ಕೂತವರನ್ನು 'ಚಳಿ ಹೇಗಿದೆ?' ಎಂದು ಕೇಳಿ. ಅವರನ್ನು ಯಾರೂ ಕೇಳುವುದಿಲ್ಲ.